ಗುಳಿಗೆಗೆ ನಡೆಯದ ಕಾರ್ಡು

ಗಜೇಂದ್ರಗಡದ ನೇಕಾರ ಕಲ್ಲೇಶನ ಮನೆಗೆ ನೆರೆಮನೆಯ ಹುಚ್ಚವ್ವ ಬಂದಳು. ಅವಳ ಸೊಸೆಗೆ ತಿಂಗಳಿಂದ ರಕ್ತಸ್ರಾವ ನಿಂತಿರಲಿಲ್ಲ.

"ನಿನ್ನ ಹೇಣ್ತಿಗಿ ಪುಕ್ಕಟ ಆಪರೇಷನ್ ಮಾಡಿದ್ರಲ್ಲ, ಆ ದವಾಖಾನಿ ಹೆಸರ ಹೇಳೋ ತಮ್ಮಾ. ನಮ್ಮದೂ ನೇಕಾರರ ಸಂಘದ ವಿಮಾ ಕಾರ್ಡ್ ಐತಿ."

ಕಲ್ಲೇಶ ಕೈಯಲ್ಲಿದ್ದ ಲಾಳಿ ಕೆಳಗಿಟ್ಟ. ಅವನ ಹೆಂಡತಿ ನೀಲವ್ವನಿಗೂ ಇದೇ ಬೇನೆಯಿತ್ತು. ರೋಣದ ಡಾಕ್ಟರಮ್ಮ ಅವನೊಬ್ಬನನ್ನೇ ಕರೆದು, ಮೂರು ತಿಂಗಳ ಗುಳಿಗೆಯಲ್ಲೇ ಗುಣವಾದೀತು ಎಂದಿದ್ದರು. ಆದರೆ ಕಾರ್ಡು ಗುಳಿಗೆಗೆ ನಡೆಯುತ್ತಿರಲಿಲ್ಲ. ಬಡವರ ಹೊಟ್ಟೆ ಕೊಯ್ದರಷ್ಟೇ ಕೈಬಿಚ್ಚುವ ವಿಮೆ ಅದು. ಕಾರ್ಡು ನಡೆಯುವ ದವಾಖಾನೆಯಲ್ಲಿ ಇಪ್ಪತ್ತಾರರ ನೀಲವ್ವನ ಗರ್ಭಕೋಶವನ್ನೇ ತೆಗೆದುಬಿಟ್ಟರು. ಬೇರೆ ದಾರಿಯಿಲ್ಲವೆಂದು ಅವಳನ್ನು ಒಪ್ಪಿಸಿದವನು ಇವನೇ.

"ಯಾಕ, ಬಾಯಾಗ ಎಲಿ-ಅಡಕಿ ಐತೇನು?" ಹುಚ್ಚವ್ವ ನಕ್ಕಳು.

"ಅಲ್ಲಿಗೆ ಹೋಗಬ್ಯಾಡ್ರಿ ಅತ್ತಿ. ಮೊದಲ ರೋಣಕ್ಕ ಹೋಗ್ರಿ. ಅಲ್ಲಿ ಕಾರ್ಡ್ ನಡಿಯಂಗಿಲ್ಲ, ಖರೇ. ಆದ್ರ ಗುಳಿಗಿಲೇ ಆರಾಮ ಆಗಬಹುದು. ನಮಗೂ ಹಂಗ ಹೇಳಿದ್ರು."

ಒಳಗೆ ಜೋಳ ಹಸನು ಮಾಡುತ್ತಿದ್ದ ನೀಲವ್ವ ಮೊರ ಹಿಡಿದೇ ಬಾಗಿಲಿಗೆ ಬಂದಳು.

"ಹಂಗ ಹೇಳಿದ್ರೇನ್ರಿ?"

"ಹೌದು," ಎಂದ ಕಲ್ಲೇಶ. ಅವಳ ಮುಖ ನೋಡಲು ಅವನಿಂದಾಗಲಿಲ್ಲ.