ಹರಿದ ಕಾಲರು

ದಂಡೋತಿಯ ಶಾಲೆಯ ಅಂಗಳದಲ್ಲಿ ಪೆಂಡಾಲು ಎದ್ದಿತ್ತು. ಸನ್ಮಾನ ಊರಿನ ಮಗ ಸಿದ್ದಲಿಂಗೇಶನಿಗೆ. ದೂರದ ಕಡಲ ಕಾವಲು ಠಾಣೆಯಲ್ಲಿ ಪೇದೆಯಾಗಿದ್ದ ಅವನು, ಪರದೇಶದಿಂದ ಕದ್ದು ಜನರನ್ನು ತರುತ್ತಿದ್ದ ದೋಣಿ ಹಿಡಿದನೆಂದು ಪೇಪರಿನಲ್ಲಿ ಬಂದಿತ್ತು. ‘ಕಾಲರು ಹಿಡಿದು ಹಲ್ಲೆ ಮಾಡಿದರೂ ಬಿಡದ ಪೇದೆ’ ಎಂದು ಹಾಕಿದ್ದರು. ಪೇಪರಿನವರಿಗೇನು, ದಪ್ಪಕ್ಷರಕ್ಕೆ ಸಾಮಾನು ಸಿಕ್ಕರೆ ಸಾಕು.

ಶಾಲು ಹೊದ್ದು ಕುಳಿತವನಿಗೆ ಮೈಯೆಲ್ಲ ಮುಳ್ಳು. ನಡೆದದ್ದೇ ಬೇರೆ. ಆ ದಿನ ಕಾವಲು ದೋಣಿಯಿಂದ ಕಳ್ಳರ ದೋಣಿಗೆ ದಾಟಬೇಕಿತ್ತು. ಕಡಲ ಮಗ್ಗುಲಲ್ಲಿ ಹುಟ್ಟಿದವರು ಅಲೆ ದೋಣಿಯನ್ನು ಮೇಲೆತ್ತುವ ತನಕ ಕಾದು ಕಾಲಿಡುತ್ತಾರೆ. ಇವನೋ ಊರಿನ ಕಾಗಿಣಾ ಹೊಳೆಯ ದಂಡೆಯ ಹಾಸುಗಲ್ಲಿನ ಮೇಲೆ ಓಡಾಡಿ ಬೆಳೆದವನು. ಕಲ್ಲಿನಿಂದ ಕಲ್ಲಿಗೆ ದಾಟುವ ಹಾಗೆ ಸೀದಾ ಕಾಲಿಟ್ಟ. ಅಷ್ಟರಲ್ಲಿ ಆ ದೋಣಿ ಕೆಳಗಿಳಿಯಿತು, ಇವನು ಎರಡರ ನಡುವೆ ಬಿದ್ದ. ದೋಣಿಗಳು ಕೂಡಿದ್ದರೆ ಅಲ್ಲೇ ಅರೆದುಹೋಗುತ್ತಿದ್ದ. ಕಳ್ಳರ ಪೈಕಿ ಗಡ್ಡದವನೊಬ್ಬ ಬಗ್ಗಿ, ಕಾಲರಿಗೆ ಕೈ ಹಾಕಿ ಮೇಲಕ್ಕೆಳೆದುಕೊಂಡ. ಕಾಲರು ಹರಿಯಿತು, ಜೀವ ಉಳಿಯಿತು.

ಪೇದೆ ಬಿದ್ದ, ಕಳ್ಳ ಎತ್ತಿದ ಎಂದು ಬರೆದರೆ ಠಾಣೆಯ ಮಾನ ಹೋಗುತ್ತಿತ್ತು. ಮೇಲಿನವರು ಹಲ್ಲೆ ಎಂದು ಬರೆದರು. ಇವನು ಅದಕ್ಕೆ ಸಹಿ ಹಾಕಿದ. ಜನರನ್ನು ಕದ್ದು ತಂದದ್ದಕ್ಕೆ ಗಡ್ಡದವನಿಗೆ ಶಿಕ್ಷೆ ಇದ್ದದ್ದೇ, ಈ ಹಲ್ಲೆಗೆ ಇನ್ನಷ್ಟು ವರ್ಷ ಸೇರುತ್ತಿತ್ತು. ಸೋಮವಾರ ಕೋರ್ಟಿನಲ್ಲಿ ಇವನದೇ ಸಾಕ್ಷಿ.

ವೇದಿಕೆಗೆ ತಾಯಿ ಸೂಗಮ್ಮನನ್ನೂ ಕರೆದರು. ಅವಳು ಚೀಲದಿಂದ ಆ ಹರಿದ ಅಂಗಿ ತೆಗೆದು ಎತ್ತಿ ಹಿಡಿದಳು.

“ನೋಡ್ರಿ, ನನ್ನ ಮಗನ ಅಂಗಿ ಹ್ಯಾಂಗ ಹರದಾನ! ಆ ಹಾಳಾದವನ ಕೈ ಸೇದಿ ಹೋಗ್ಲಿ!”

ಜನ ಚಪ್ಪಾಳೆ ತಟ್ಟಿದರು. ಸಿದ್ದಲಿಂಗೇಶನಿಗೆ ತಡೆಯಲಾಗಲಿಲ್ಲ. ಎದ್ದು ಬಂದ.

“ಯವ್ವಾ, ಆ ಕೈಗಿ ಶಾಪ ಹಾಕಬ್ಯಾಡ. ಆ ಕೈ ಇರದಿದ್ರ ನೀ ನನ್ನ ಮಣ್ಣು ಮಾಡಿ ಬರ್ತಿದ್ದಿ.”

ಮೈಕು ಎದುರಿಗೇ ಇತ್ತು. ತಾನು ಬಿದ್ದದ್ದು, ಗಡ್ಡದವನು ಎತ್ತಿದ್ದು, ಸುಳ್ಳಿಗೆ ಸಹಿ ಹಾಕಿದ್ದು, ಇವನು ಹೇಳಿದ್ದೆಲ್ಲವೂ ಇಡೀ ಪೆಂಡಾಲಿಗೆ ಕೇಳಿತು. ಚಪ್ಪಾಳೆ ತಟ್ಟಿದವರು ನೆಲ ನೋಡಿದರು. ಅಧ್ಯಕ್ಷರಾಗಿದ್ದ ಮಾಣಿಕಪ್ಪನವರು ಮೈಕಿನ ಸ್ವಿಚ್ಚು ಹುಡುಕತೊಡಗಿದರು.

ಸೂಗಮ್ಮ ನಿಧಾನಕ್ಕೆ ಅಂಗಿ ಮಡಚಿದಳು. “ಅವನ ಹೆಸರೇನು?”

“ಕಾಗದದಾಗ ಇರ್ತದ ಯವ್ವಾ. ನಾ ಓದಿಲ್ಲ. ಒಂದನೇ ಆರೋಪಿ ಅಂತೀವಿ.”

“ಜೀವ ಉಳಿಸಿದವನ ಹೆಸರೂ ಕೇಳ್ಲಿಲ್ಲೇನು?”

ಅವನು ನಾಚಿಕೆಯಿಂದ ಕುಗ್ಗಿಹೋದ. ಸುಳ್ಳು ಸಹಿಗೆ ಮೇಲಿನವರ ನೆಪವಿತ್ತು, ಇದಕ್ಕೆ ಯಾವ ನೆಪವೂ ಇರಲಿಲ್ಲ.

ಸೂಗಮ್ಮ ಮಗನ ಹೆಗಲಿನ ಶಾಲು ತೆಗೆದು ಮಾಣಿಕಪ್ಪನವರ ಕೈಗಿಟ್ಟಳು.

“ಸೋಮವಾರ ಕೋರ್ಟಿನಾಗ ಖರೇ ಹೇಳು. ಅವನ ಹೆಸರು ಕೇಳ್ಕೊಂಡು ಬಾ. ಅಲ್ಲಿತನಕ ನಾನೂ ನಿನಗ ಹೆಸರು ಹಿಡಿದು ಕರಿಯಂಗಿಲ್ಲ.”

ಮೆಟ್ಟಿಲಿಳಿದು ಹೊರಟವಳು ಗೇಟಿನ ಹತ್ತಿರ ನಿಂತು ತಿರುಗಿ ನೋಡಿದಳು. “ಏ, ಬಾ” ಎಂದಳು, ಅಷ್ಟೇ.