ಚರಗದ ದಿನ ಬಂದ ಕಾಣದ ಬೆಳಕು

ಎಳ್ಳ ಅಮಾವಾಸ್ಯೆಯ ಬೆಳಗು. ಮುಳವಾಡದ ಸಿದ್ದವ್ವನ ಮನೆ ಮುಂದೆ ಬಂಡಿ ಹೂಡಿತ್ತು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬುಟ್ಟಿ ತುಂಬಿದ್ದವು. ಭೂತಾಯಿಗೆ ಚರಗ, ಅಂದರೆ ಎಡೆಯ ತುತ್ತು, ಚೆಲ್ಲಿ ಹೊಲದಲ್ಲೇ ಉಣ್ಣುವ ಹಬ್ಬ. ಆದರೆ ಬಸುರಿ ಸೊಸೆ ಸಿದ್ದಲಿಂಗವ್ವನಿಗೆ ಮಾತ್ರ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ.

ಕಾರಣ, ಹೊಲದ ಬದುವಿನಲ್ಲಿ ನಿಂತ ಮುಕ್ಕಾಲಿ. ಅದರ ತಲೆಯ ಮೇಲೊಂದು ಗಾಜು. ದೂರದ ದಿಬ್ಬದಲ್ಲಿ ಕಾಲುವೆ ಅಳೆಯುವವರ ಯಂತ್ರ. ಯಂತ್ರ ಕಾಣದ ಬೆಳಕು ಬಿಡುತ್ತದೆ, ಗಾಜು ಅದನ್ನು ಮರಳಿ ಕಳಿಸುತ್ತದೆ, ದೂರ ಎಷ್ಟೆಂದು ತಿಳಿಯುತ್ತದೆ.

"ಅತ್ತೀ, ಹಬ್ಬದಾಗ ನಾ ಒಬ್ಬಾಕಿ ಮನ್ಯಾಗ ಕುಂಡರ್ಲೇನ್ರಿ?" ಸೊಸೆಯ ಕಣ್ಣು ತುಂಬಿತು.

"ಹೊಟ್ಯಾಗಿನ ಕೂಸಿನ ಮ್ಯಾಲೆ ಆ ಬೆಳಕು ಬೀಳೂದು ಬ್ಯಾಡ. ಅದು ಲೇಸರ್ ಐತಂತ, ಕಬ್ಬಿಣಾನೂ ಕೊಯ್ತೈತಂತ ನಮ್ಮ ಓಣಿ ಪರಪ್ಪ ಹೇಳ್ಯಾನ."

ನೆರೆಮನೆಯ ರಾಜಬಿ ನಕ್ಕಳು. "ರೇಡಿಯೋದಾಗ ಸಣ್ಣ ಸಣ್ಣ ಮಂದಿ ಕುಂತಾರ ಅಂದಾಂವನೂ ಅವನ! ಆ ಯಂತ್ರ ನಡಸಾಂವ ನನ್ನ ತಮ್ಮ ಜೈನುದ್ದೀನ. ಅವನ್ನ ಕೇಳೂಣು ಬಾ ಯಕ್ಕಾ."

ಸೊಸೆಯನ್ನು ಮನೆಯಲ್ಲೇ ಬಿಟ್ಟು ಇಬ್ಬರೂ ಹತ್ತಿದರು; ಸಿದ್ದವ್ವನ ಮಗ ರಾಚಪ್ಪ ಬಂಡಿ ಹೊಡೆದ. ಬದುವಿಗೆ ಬಂದಾಗ ಸಿದ್ದವ್ವ ಬಂಡಿಯಿಂದ ಇಳಿದಳು. ಹಾಲುಗಾಳು ಕಟ್ಟಿದ ಬಿಳಿಜೋಳದ ಆಚೆ ಆ ಗಾಜು ಮಿಣಮಿಣ ಹೊಳೆಯುತ್ತಿತ್ತು. ಅದರ ದೃಷ್ಟಿ ತನ್ನ ಮನೆತನಕ್ಕೆ ತಾಕೀತೆಂದು ಬಂಡಿಯಲ್ಲಿದ್ದ ಕಂಬಳಿಯನ್ನು ಅದಕ್ಕೆ ಹೊದಿಸಿಯೇಬಿಟ್ಟಳು.

ಸ್ವಲ್ಪ ಹೊತ್ತಿಗೆ ಜೈನುದ್ದೀನ ಏದುಸಿರು ಬಿಡುತ್ತ ಬಂದ. "ಯಂತ್ರ ಅಂಕಿನ ತೋರಸವಲ್ದು, ಕೆಟ್ಟೈತಂತ ಮಾಡಿದ್ನಿ. ಇದಕ್ಯಾರು ಕಂಬಳಿ ಹೊಚ್ಚಿದ್ರಿ? ಚಳಿಜ್ವರಾ ಬಂದಿತ್ತೇನು?"

"ನಾನಪಾ. ನಗಬ್ಯಾಡ. ನನ್ನ ಸೊಸಿ ಬಸುರಿ ಅದಾಳ. ನಿನ್ನ ಲೇಸರ್ ಬಂದ್ ಮಾಡು."

ಜೈನುದ್ದೀನನ ನಗು ನಿಂತಿತು. ಅವನು ಬದುವಿನ ಮೇಲೆ ಕುಳಿತ. "ಎವ್ವಾ, ನಮ್ಮ ಯಂತ್ರದಾಗಿರೂದು ಲೇಸರ್ ಅಲ್ಲ. ಎಲ್‌ಇಡಿ ಅಂತ, ಸಾಸಿವಿ ಕಾಳಿನಂಥಾ ದೀಪ. ಕೊಡೂದು ಅವಗೆಂಪು, ಅಂದ್ರ ಕೆಂಪಿನ ಆಚೆ ಇರೂ ಕಾಣದ ಬೆಳಕು. ಒಲಿ ಆರಿದ ಮ್ಯಾಲೂ ಹಂಚಿನ ಕಾವು ಕೈಗಿ ಹತ್ತತೈತಿ, ಕಣ್ಣಿಗಿ ಕಾಣೂದಿಲ್ಲ. ಅದೂ ಇದ ಕುಲದ್ದು."

"ಮತ್ತ ಲೇಸರ್ ಅಂದ್ರ?"

"ಲೇಸರ್ ಡಯೋಡ್ ಅನ್ನೂ ಲೇಸರ್ ದೀಪಾನೂ ಇಷ್ಟ ಸಣ್ಣದು. ಅದೂ ಅವಗೆಂಪು ಬೆಳಕು ಕೊಡಬಹುದು. ಫರಕು ಇರೂದು ಬೆಳಕು ಹೊರಡೂ ರೀತಿಯೊಳಗ. ಒಂದ್ ಬೊಗಸಿ ಚರಗಾ ಚೆಲ್ಲ್ರಿ ನೋಡೂಣು."

ಸಿದ್ದವ್ವ ಭೂತಾಯಿಗೆ ಕೈಮುಗಿದು ಚೆಲ್ಲಿದಳು. ಅದು ಸುತ್ತೆಲ್ಲ ಹರಡಿ ಬಿತ್ತು.

"ಎಲ್‌ಇಡಿ ಬೆಳಕು ಹಿಂಗ. ಯಂತ್ರದೊಳಗ ಮಸೂರದ ಗಾಜು ಇಟ್ಟು ಒಂದೀಟು ಒಟ್ಟು ಮಾಡ್ತೇವಿ, ಆದ್ರೂ ದೂರ ಹೋದಂಗ ಹರಡಿ ತೆಳ್ಳಗಾಗ್ತೈತಿ. ಲೇಸರ್ ಅಂದ್ರ ಹಕ್ಕಿ ಕಾಯೂ ಕವಣಿಯ ಕಲ್ಲು. ಅದರ ಬೆಳಕಿನ ಅಲಿ ಎಲ್ಲಾ ಭಜನಿ ಮಂದಿಯಂಗ ಒಂದ ತಾಳಕ್ಕ ಹೆಜ್ಜಿ ಹಾಕಿ, ಒಂದ ದಾರಿ ಹಿಡಿದು ಹೋಗ್ತಾವ. ಕಣ್ಣಿಗಿ ಬಿದ್ರ ಒಳಗಿನ ಪರದೆ ಮ್ಯಾಲೆ ಒಂದು ಚುಕ್ಕಿಯೊಳಗ ಕೂಡಿ ಸುಟ್ಟೀತು. ಕಾಣದ ಬೆಳಕಂದ್ರ ರೆಪ್ಪಿನೂ ಮುಚ್ಚೂದಿಲ್ಲ ನೋಡ್ರಿ! ಅದಕ್ಕ ಅಂಥಾ ಯಂತ್ರದ ಮ್ಯಾಲೆ ಎಚ್ಚರಿಕಿ ಬರೆದಿರ್ತಾರ."

"ನಿನ್ನ ಈ ಬೆಳಕಿಗಿ ಕೂಸಿಗಿ ಏನೂ ಆಗೂದಿಲ್ಲಲ್ಲ?"

"ಮುಂಜಾನಿ ಬಿಸಲಿನಾಗ ಇದಕ್ಕಿಂತ ಭಾಳ ಅವಗೆಂಪು ಐತ್ರಿ. ಕೂಸಿನ ಅವ್ವ ದಿನಾ ಅದರಾಗ ಅಡ್ಡಾಡತಾಳ, ಕೂಸು ಆರಾಮ ಬೆಳ್ಯಾಕತ್ತೈತಿ."

ಸಿದ್ದವ್ವ ಸೂರ್ಯನತ್ತ ನೋಡಿದಳು. ಎಷ್ಟೋ ವರ್ಷದಿಂದ ಕೈಮುಗಿದ ಬೆಳಕಿನೊಳಗೆ ತಾನು ಕಾಣದ್ದೂ ಇತ್ತೆಂದು ಅವಳ ಮನಸ್ಸು ತಂಪಾಯಿತು. ಕಂಬಳಿ ಎಳೆದುಕೊಂಡು ಕೂಗಿದಳು: "ರಾಚಪ್ಪಾ, ಬಂಡಿ ತಿರುವಲೇ! ನನ್ನ ಸೊಸಿ ಬರದ ಯಾರೂ ತುತ್ತು ಎತ್ತಂಗಿಲ್ಲ."

ಅದೇ ಕಂಬಳಿಯನ್ನು ಬನ್ನಿ ಮರದ ಕೆಳಗೆ ಹಾಸಿ ಸೊಸೆಯನ್ನು ಕೂಡಿಸಿದರು. ಹೋಳಿಗೆಯ ವಾಸನೆಗೆ ಪರಪ್ಪನೂ ಬಂದ. "ಬಾರಪಾ ಲೇಸರ್ ಪಂಡಿತಾ, ಕಬ್ಬಿಣ ಕೊಯ್ಯೂದು ಬಿಟ್ಟು ಹೋಳಿಗಿ ಮುರಿ," ಎಂದಳು ರಾಜಬಿ. ಸಿದ್ದಲಿಂಗವ್ವ ನಗುತ್ತ ಚೆಲ್ಲಿದ ಚರಗ ಜೈನುದ್ದೀನನ ಟೋಪಿಯ ಮೇಲೂ ಬಿತ್ತು.

"ಇರ್ಲಿ ಬಿಡಪಾ," ಎಂದಳು ಸಿದ್ದವ್ವ. "ಹರಡಿ ಬಿದ್ದದ್ದು ಯಾರಿಗೂ ನೋವು ಮಾಡಂಗಿಲ್ಲ."

ತಾಯಂದಿರೇ, ಅಣ್ಣಂದಿರೇ, ಇಂಥ ಯಂತ್ರ ನಾಳೆ ನಿಮ್ಮ ಬದುವಿಗೂ ಬಂದೀತು. ಅಂಜಿ ಕಂಬಳಿ ಹೊದಿಸಬೇಡಿ. ಕುತೂಹಲಕ್ಕೆ ಅದರ ಕಿಂಡಿಗೆ ಕಣ್ಣು ಹಚ್ಚಲೂಬೇಡಿ. ಒಳಗಿರುವುದು ಎಲ್‌ಇಡಿಯೋ, ಲೇಸರ್ ಡಯೋಡೋ ಎಂದು ಬಾಯಿಬಿಟ್ಟು ಕೇಳಿ. ಲೇಸರ್ ಎಂದರೆ, ಕಾಣಲಿ ಕಾಣದಿರಲಿ, ಅದರ ದಾರಿಗೆ ನಿಮ್ಮ ಕಣ್ಣನ್ನೂ ಮಕ್ಕಳ ಕಣ್ಣನ್ನೂ ಒಡ್ಡಬೇಡಿ. ತಿಳಿದು ನಡೆಯಿರಿ, ಹಬ್ಬ ಎಲ್ಲರದಾಗಲಿ.