ಎಲೆಚೀಲದ ತಳ

ಒಂಬತ್ತು ಕುರ್ಚಿಯ ಮೇಜಿನಲ್ಲಿ ಆರು ಖಾಲಿಯಾಗಿ ಮೂರು ಉಳಿದಾಗ ಮಧ್ಯಾಹ್ನ ಎರಡು ಗಂಟೆ. ಊಟಿಯ ಆ ಹೋಟೆಲಿನ ಸಭಾಂಗಣದ ಗಾಜಿನಾಚೆ ಮಂಜು ಬಂತು, ನಿಂತಿತು, ಹೋಯಿತು. ಒಳಗಿದ್ದ ಇನ್ನೂರು ಮಂದಿಯಲ್ಲಿ ಒಬ್ಬರೂ ಅತ್ತ ತಿರುಗಲಿಲ್ಲ. ಎಲ್ಲರ ಕಣ್ಣೂ ಹಸಿರು ಬಟ್ಟೆ ಹಾಸಿದ ಒಂದೇ ಮೇಜಿನ ಮೇಲೆ, ಅಲ್ಲಿ ಗೋಪುರಗೋಪುರವಾಗಿ ನಿಂತ ಪಣದ ಬಿಲ್ಲೆಗಳ ಮೇಲೆ.

ಅಭಿನಯಾ ಆ ಬಿಲ್ಲೆಗಳನ್ನು ಕಿಲೋ ಲೆಕ್ಕದಲ್ಲಿ ನೋಡುತ್ತಿದ್ದಳು. ಬೇರೆ ಲೆಕ್ಕ ಅವಳ ಕಣ್ಣಿಗೆ ಹತ್ತುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಅಪ್ಪನ ಕೈಯಿಂದ ತಕ್ಕಡಿ ವಹಿಸಿಕೊಂಡವಳಿಗೆ ಈಗ ಮೂವತ್ತೊಂದು. ಹಟ್ಟಿಯ ಶೆಡ್ಡಿನಲ್ಲಿ ದಿನವೂ ನೂರು ಚೀಲ ಚಹಾ ಎಲೆ ತೂಗಿ ಕಾರ್ಖಾನೆಯ ಲಾರಿಗೆ ಹತ್ತಿಸುವುದು ಅವಳ ಕೆಲಸ. ತಲೆಯ ಮೇಲೆ ಚೀಲ ಹೊತ್ತು ತಿರುವಿನಲ್ಲಿ ಕಾಣಿಸಿಕೊಂಡವರನ್ನು ನೋಡಿಯೇ ಮೂವತ್ತೆರಡು ಕಿಲೋ ಎನ್ನುವಳು. ತಕ್ಕಡಿಯೂ ಅದನ್ನೇ ಎನ್ನುವುದು.

ತೂಕ ಹೆಚ್ಚಲೆಂದು ಎಲೆಗೆ ನೀರು ಚಿಮುಕಿಸಿ ತರುವವರು ಎಲ್ಲ ಊರಲ್ಲೂ ಇದ್ದಾರೆ. ಅವಳು ಚೀಲದ ತಳಕ್ಕೆ ಕೈ ಹಾಕುವ ಮೊದಲೇ ತಿಳಿದುಬಿಡುತ್ತಿತ್ತು. ನೀರು ಹಾಕಿದವರು ಮಾತಾಡುತ್ತಾರೆ. ಬಸ್ಸು ತಡವಾದದ್ದು, ಕಾಡೆಮ್ಮೆ ಬೇಲಿ ಮುರಿದದ್ದು, ಮಗಳ ಕಾಲೇಜು, ಮೊಣಕಾಲು ನೋವು, ಒಂದಾದ ಮೇಲೆ ಒಂದು. ಒಣಗಿದ ಎಲೆ ತಂದವರು ಮಾತ್ರ ಸುಮ್ಮನೆ ನಿಂತು ತಕ್ಕಡಿಯ ಮುಳ್ಳನ್ನು ನೋಡುತ್ತಾರೆ.

ಪೋಕರ್ ಆಟವೂ ಅವಳಿಗೆ ಹಾಗೆಯೇ ಕಂಡಿತ್ತು. ಒಬ್ಬೊಬ್ಬರ ಕೈಯಲ್ಲಿ ಮುಚ್ಚಿದ ಎರಡು ಕಾರ್ಡು, ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆದುಕೊಳ್ಳುವ ಐದು. ಏಳರಲ್ಲಿ ಐದು ಆಯ್ದು ಯಾರ ಜೋಡಣೆ ದೊಡ್ಡದೋ ಅವರದು ಗೆಲುವು. ಆದರೆ ಕೈಯಲ್ಲಿ ಏನೂ ಇಲ್ಲದವನೂ ಬಿಲ್ಲೆಗಳನ್ನು ಮುಂದಕ್ಕೆ ತಳ್ಳಿ ಎದುರಾಳಿಯನ್ನು ಹೆದರಿಸಿ ಓಡಿಸಬಹುದು. ಹೆದರದೆ ನೋಡುತ್ತೇನೆ ಎನ್ನುವವರು ಅಷ್ಟೇ ಬಿಲ್ಲೆ ತಾವೂ ಇಡಬೇಕು. ಶೆಡ್ಡಿನಲ್ಲಿ ಚೀಲದ ತಳಕ್ಕೆ ಕೈ ಹಾಕುವುದು ಪುಕ್ಕಟೆ. ಇಲ್ಲಿ ಅದಕ್ಕೆ ಬೆಲೆಯಿದೆ, ಅಷ್ಟೇ ವ್ಯತ್ಯಾಸ.

ಈ ಪಂದ್ಯದ ಪ್ರವೇಶವೇ ಎರಡು ಲಕ್ಷ. ಮೂರು ವಾರ ಅರ್ಹತಾ ಸುತ್ತುಗಳಲ್ಲಿ ಗೆದ್ದು ಪುಕ್ಕಟೆ ಒಳಗೆ ಬಂದವರು ಇಬ್ಬರು, ಅದರಲ್ಲಿ ಅವಳೊಬ್ಬಳು. ಮೊದಲ ಬಹುಮಾನ ಅರವತ್ತು ಲಕ್ಷ, ಎರಡನೆಯದು ಅದರ ಅರ್ಧ. ಎಲೆ ಉರುಳಿಸುವ ಯಂತ್ರ, ಒಣಗಿಸುವ ಯಂತ್ರ, ಮೇಲೊಂದು ತಗಡಿನ ಮಾಡು: ಇಷ್ಟಾದರೆ ಹಟ್ಟಿಯ ಎಲೆ ಹಟ್ಟಿಯಲ್ಲೇ ಚಹಾಪುಡಿಯಾಗುತ್ತದೆ, ಲಾರಿಯವನು ಹೇಳಿದ ಹೊತ್ತಿಗೆ ಓಡಬೇಕಿಲ್ಲ. ಅದಕ್ಕೆ ಮೊದಲನೆಯದೇ ಆಗಬೇಕು. ಅರ್ಧ ದುಡ್ಡಿಗೆ ಅರ್ಧ ಯಂತ್ರ ಯಾರೂ ಕೊಡುವುದಿಲ್ಲ.

ಆಕೆಯ ಎಡಕ್ಕೆ ಕೂತಿದ್ದವರು ಗೂಡಲೂರಿನ ಏಲಕ್ಕಿ ವ್ಯಾಪಾರಿ ಸುಧಾಕರನ್, ಬೆಳಗಿನಿಂದ ಬಾಯಿ ಮುಚ್ಚದವರು. ಎದುರಿಗೆ ಕೂತಿದ್ದವರು ಅವಳದೇ ಹಟ್ಟಿಯ ಧರ್ಮಲಿಂಗಂ, ಅರ್ಹತಾ ಸುತ್ತಿನಿಂದ ಬಂದ ಇನ್ನೊಬ್ಬರು. ಹದಿನೈದು ವರ್ಷ ಹಡಗುಗಳಲ್ಲಿ ಅಡುಗೆ ಮಾಡಿ, ಅಲ್ಲೇ ಈ ಆಟ ಕಲಿತು, ವಯಸ್ಸಾದ ಮೇಲೆ ಊರಿಗೆ ಬಂದು ಒಂದೂವರೆ ಎಕರೆ ಚಹಾ ನೋಡಿಕೊಂಡಿದ್ದವರು. ವರಸೆಯಲ್ಲಿ ಅವಳಿಗೆ ಮಾಮ. ಹನ್ನೆರಡು ವರ್ಷದಿಂದ ಅವಳೊಡನೆ ಮಾತಿಲ್ಲ.

ಕಾರಣ ಇಡೀ ಹಟ್ಟಿಗೆ ಗೊತ್ತು. ಅವಳು ತಕ್ಕಡಿ ಹಿಡಿದ ಮೊದಲ ತಿಂಗಳು. ಆ ದಿನ ಲಾರಿ ಎರಡು ಗಂಟೆ ಮುಂಚೆ ಬರುತ್ತದೆಂದು ಸುದ್ದಿಯಾಗಿ ಎಲ್ಲರೂ ಕತ್ತಲಲ್ಲೇ ಎಲೆ ಕಿತ್ತು ಓಡಿ ಬಂದಿದ್ದರು. ಧರ್ಮಲಿಂಗಂ ಅವರ ಚೀಲದ ತಳ ಒದ್ದೆಯಾಗಿತ್ತು. ಚಿಕ್ಕ ಹುಡುಗಿ ಎಂದು ಯಾರೂ ಹಗುರಾಗಿ ಕಾಣಬಾರದೆಂದು ಅವಳು ಚೀಲವನ್ನು ನೆಲಕ್ಕೆ ಸುರಿದು, ನೋಡಿ, ಮಾಮ ನೀರು ತೂಗಿಸಲು ತಂದಿದ್ದಾರೆ ಎಂದಳು. ಜನ ನಕ್ಕರು. ಅವರು ಒಂದು ಮಾತೂ ಆಡಲಿಲ್ಲ. ಮಂಡಿಯೂರಿ ಒಂದೊಂದೇ ಎಲೆ ಆರಿಸಿ ಚೀಲಕ್ಕೆ ತುಂಬಿಕೊಂಡು ಹೋದರು. ಅಂದಿನಿಂದ ಅವರ ಎಲೆ ನಾಲ್ಕು ಕಿಲೋಮೀಟರ್ ಆಚೆಯ ಇನ್ನೊಂದು ಶೆಡ್ಡಿಗೆ.

ನೀರು ಹಾಕಿದವರು ಮಾತಾಡುತ್ತಾರಲ್ಲ, ಇವರೇಕೆ ಸುಮ್ಮನಿದ್ದರು ಎಂದು ಅವಳ ಮನಸ್ಸು ಆಗಲೇ ಕೇಳಿತ್ತು. ಸಿಕ್ಕಿಬಿದ್ದದ್ದಕ್ಕೆ ಬಾಯಿ ಕಟ್ಟಿತು ಎಂದು ತಾನೇ ಉತ್ತರ ಕೊಟ್ಟುಕೊಂಡು ಆ ಪ್ರಶ್ನೆಯನ್ನು ಮುಚ್ಚಿಟ್ಟಳು. ಅವಳ ಕೈ ತಪ್ಪುವುದಿಲ್ಲ ಎಂದು ಜನ ಹೇಳುತ್ತ ಬಂದರು; ಅವಳೂ ನಂಬುತ್ತ ಬಂದಳು.

ಆ ನಂಬಿಕೆಗೆ ಈ ಬೆಳಿಗ್ಗೆ ಅವಳು ಬೆಲೆ ತೆತ್ತಿದ್ದಳು. ಐದು ಮಂದಿ ಉಳಿದಿದ್ದಾಗ ಧರ್ಮಲಿಂಗಂ ಬಿಲ್ಲೆ ತಳ್ಳಿ ಸುಮ್ಮನಾದರು. ಈ ಮಾಮ ಸುಮ್ಮನಾದರೆಂದರೆ, ಅಂದಿನಂತೆ, ನೀರಿದೆ ಎಂದು ಅವಳು ಅಷ್ಟೇ ಬಿಲ್ಲೆ ಎದುರಿಟ್ಟಳು. ಅವರು ತೆರೆದದ್ದು ಮೂರು ರಾಣಿ. ಅವಳ ರಾಶಿಯಲ್ಲಿ ಮೂರನೆಯ ಒಂದು ಪಾಲು ಹೋಯಿತು. ಅದೃಷ್ಟ, ಎಂದುಕೊಂಡಳು.

ಈಗ ಸುಧಾಕರನ್ ಸರದಿ. ಎರಡು ಜೋಡಿ ಹಿಡಿದು ಹಾಡಿನಂತೆ ಮಾತಾಡುತ್ತ, ಧರ್ಮಲಿಂಗಂ ಮುಖದಲ್ಲಿ ಏನೂ ಕಾಣದೆ ತಮ್ಮ ರಾಶಿಯನ್ನೆಲ್ಲ ಒಳಗೆ ತಳ್ಳಿದರು. ಧರ್ಮಲಿಂಗಂ ಸುಮ್ಮನೆ ಎರಡು ಕಾರ್ಡು ತೆರೆದರು. ಮೇಜಿನ ಮೇಲಿನವುಗಳೊಡನೆ ಆರರಿಂದ ಹತ್ತರವರೆಗೆ ಐದೂ ಸಾಲಾಗಿ ನಿಂತವು, ಎರಡು ಜೋಡಿಗಿಂತ ದೊಡ್ಡದು. ಸಭಾಂಗಣ ಒಮ್ಮೆ ಉಸಿರೆಳೆದು, ಆಮೇಲೆ ಚಪ್ಪಾಳೆ. ಸುಧಾಕರನ್ ಎದ್ದು ಕೋಟು ಕೊಡವಿಕೊಂಡು ಅವಳ ಹತ್ತಿರ ಬಗ್ಗಿದರು.

“ಮೋಳೇ, ಮಗಳೇ, ನಾನು ಬಾಯಿ ಮುಚ್ಚದೆ ಸೋತೆ. ಅವರು ಬಾಯಿ ತೆರೆಯದೆ ಗೆದ್ದರು. ಇನ್ನು ನಿನ್ನ ಪಾಡು.”

ಇಬ್ಬರೇ ಉಳಿದರು. ಹಿಂದಿನ ಸಾಲುಗಳಲ್ಲಿ ಗದ್ದಲವೆದ್ದಿತು: ಸುದ್ದಿ ಕೇಳಿ ಹಟ್ಟಿಯವರು ಮೂವತ್ತು ಮಂದಿ ಎಲೆ ಲಾರಿಯಲ್ಲೇ ಬಂದಿಳಿದಿದ್ದರು. ಬಿಳಿ ಮುಂಡು ಸುತ್ತಿ ಬಿಳಿ ಶಾಲು ಹೊದ್ದ ಅವಳ ಅಜ್ಜಿ ನಂಜಿಯನ್ನು ಯಾರೋ ಮುಂದಿನ ಸಾಲಿಗೆ ತಂದು ಕೂರಿಸಿದರು. ನಂಜಿಗೆ ಇಸ್ಪೀಟು ಗೊತ್ತಿಲ್ಲ, ಪದ ಗೊತ್ತು. ದೀಪ ಹಚ್ಚಿದ ಮೇಲೆ ಹಟ್ಟಿಯ ದೇವತೆ ಹೆತ್ತೆಯಮ್ಮನ ಕಥೆಯನ್ನು ನೂರಾರು ಸಾಲು ಹಾಡಿ ಹೇಳುವಳು. ಎಳೆಯ ಅಭಿನಯಾಳ ಕೆಲಸ ಪಕ್ಕದಲ್ಲಿ ಕೂತು ಪ್ರತಿ ಸಾಲಿನ ಕೊನೆಗೆ ಊಂ ಎನ್ನುವುದು. ಊಂ ನಿಂತರೆ ಪದವೂ ನಿಲ್ಲುವುದು. ಊಂ ಬಂದರೆ ಹಾಡುವವಳಿಗೆ ಮುಂದಿನ ಸಾಲು ತಾನಾಗಿ ಒದಗುವುದು.

ಐದನೆಯ ಆಟದಲ್ಲಿ ಅಭಿನಯಾಗೆ ಆಟೀನ್ ಎಕ್ಕ, ಆಟೀನ್ ರಾಣಿ ಬಂದವು. ಮೇಜಿನ ಮೇಲೆ ಆಟೀನ್ ಹತ್ತು, ಆಟೀನ್ ಆರು, ಜೊತೆಗೆ ಕಳಾವರ್ ಆರು. ನಾಲ್ಕನೆಯದು ಆಟೀನ್ ಎರಡು. ಐದು ಆಟೀನು ಕೂಡಿತು, ಸಾಲಿಗಿಂತ ದೊಡ್ಡ ಜೋಡಣೆ, ತಲೆಗೆ ಎಕ್ಕ. ಅಷ್ಟರಲ್ಲಿ ಅವಳು ರಾಶಿಯ ಅರ್ಧಕ್ಕಿಂತ ಹೆಚ್ಚು ಇಟ್ಟಾಗಿತ್ತು. ಐದನೆಯ ಕಾರ್ಡು ಬಿತ್ತು: ಇನ್ನೊಂದು ಹತ್ತು.

ಧರ್ಮಲಿಂಗಂ ಎರಡೂ ಅಂಗೈ ಒಡ್ಡಿ ತಮ್ಮ ರಾಶಿಯನ್ನೆಲ್ಲ ಮುಂದಕ್ಕೆ ಸರಿಸಿದರು. ಅದು ಅವಳದಕ್ಕಿಂತ ದೊಡ್ಡ ರಾಶಿ. ನೋಡಬೇಕೆಂದರೆ ಉಳಿದದ್ದೆಲ್ಲ ಇಡಬೇಕು. ತಪ್ಪಿದರೆ ಇಲ್ಲಿಗೆ ಮುಗಿಯಿತು. ಅವರ ಕೈಯಲ್ಲಿ ಒಂದು ಹತ್ತು ಅಥವಾ ಒಂದು ಆರು ಇದ್ದರೆ ಒಂದರದು ಮೂರು, ಇನ್ನೊಂದರದು ಎರಡು ಕೂಡಿ ಅವಳ ಐದು ಆಟೀನೂ ಹುಲ್ಲಿಗೆ ಸಮ. ಇಲ್ಲದಿದ್ದರೆ ಯಂತ್ರ, ಮಾಡು, ಎಲ್ಲವೂ ಕೈಯಳತೆಗೆ.

ಕಾರ್ಡು ಹಂಚುವ ಹುಡುಗಿ ಒಂದು ನಿಮಿಷದ ಗಡಿಯಾರ ಒತ್ತಿದಳು.

ಅಭಿನಯಾ ಮಾಮನ ಮುಖ ನೋಡಿದಳು. ಅವರು ಸುಮ್ಮನಿದ್ದರು. ಅಂದು ಶೆಡ್ಡಿನ ನೆಲದಲ್ಲಿ ಎಲೆ ಆರಿಸುತ್ತಿದ್ದಾಗ ಇದ್ದಂತೆಯೇ, ಕಣ್ಣು ಕೆಳಗೆ, ತುಟಿ ಒಂದಕ್ಕೊಂದು ಹೊಲಿದಂತೆ. ಬೆಳಿಗ್ಗೆ ಇದೇ ಮುಖ. ತೆರೆದದ್ದು ಮೂರು ರಾಣಿ. ಮಧ್ಯಾಹ್ನ ಇದೇ ಮುಖ. ತೆರೆದದ್ದು ಐದರ ಸಾಲು. ಹಾಗಾದರೆ ಅಂದು? ಅವರ ಹೊಲ ಕಾಡಿನಂಚಿನ ಹಳ್ಳದ ಬದಿಗೆ. ಬೆಳಿಗ್ಗೆ ಒಂಬತ್ತರವರೆಗೆ ಅಲ್ಲಿ ಬಿಸಿಲಿಲ್ಲ. ಕತ್ತಲಲ್ಲಿ ಕಿತ್ತ ಎಲೆಯ ಮೇಲೆ ಇಬ್ಬನಿ ಇರದೆ ಇನ್ನೇನಿರುತ್ತದೆ? ಅದು ಅವಳಿಗೆ ಇಂದು ಗೊತ್ತಾದದ್ದಲ್ಲ. ಹನ್ನೆರಡು ವರ್ಷ ಗೊತ್ತಾಗಗೊಡದೆ ಇಟ್ಟುಕೊಂಡದ್ದು.

ಈಗ ಎರಡರಲ್ಲಿ ಒಂದು. ತನ್ನ ಕೈ ಅಂದು ತಪ್ಪಿಲ್ಲವೆಂದರೆ ಈ ಮೌನ ಸುಳ್ಳು, ಬಿಲ್ಲೆ ಇಡಬೇಕು. ಈ ಮೌನ ನಿಜವೆಂದರೆ ತನ್ನ ಕೈ ಅಂದು ತಪ್ಪಿತ್ತು.

ಗಡಿಯಾರದಲ್ಲಿ ಎಂಟು ಸೆಕೆಂಡು ಉಳಿದಿತ್ತು. ಅವಳು ಎಕ್ಕ ಮತ್ತು ರಾಣಿಯನ್ನು ಅಂಗಾತ ತೆರೆದಿಟ್ಟು ಮುಂದಕ್ಕೆ ತಳ್ಳಿದಳು. ಆಟ ಬಿಟ್ಟಳು. ಗೆಲ್ಲುವ ಕೈ ಬಿಸಾಡಿದಳೆಂದು ಸಭಾಂಗಣ ಹೋ ಎಂದಿತು. ಆ ಹೋ ತಗ್ಗುವವರೆಗೆ ಕಾದು, ಹಿಂದಿನ ಸಾಲಿಗೂ ಕೇಳುವಂತೆ ಅವಳು ಹೇಳಿದಳು:

“ಮಾಮ, ಅಂದು ನಿಮ್ಮ ಎಲೆಯಲ್ಲಿ ಇದ್ದದ್ದು ಇಬ್ಬನಿ. ನೀವು ನೀರು ಹಾಕಿಲ್ಲೆ. ತಪ್ಪು ಎನ್ನ ಕೈಯದು.”

ಅಂದು ನಕ್ಕವರೆಲ್ಲ ಹಟ್ಟಿಯವರ ಸಾಲಿನಲ್ಲೇ ಇದ್ದರು. ತೋರಿಸಬೇಕಾದ ಅಗತ್ಯವಿಲ್ಲದಿದ್ದರೂ ಧರ್ಮಲಿಂಗಂ ತಮ್ಮ ಎರಡು ಕಾರ್ಡು ತಿರುವಿದರು. ಹತ್ತು, ಒಂಬತ್ತು. ಮೂರು ಹತ್ತು, ಎರಡು ಆರು. ಅವಳು ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೋ ಎಂದ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

“ಇಷ್ಟಕ್ಕೆ ಹನ್ನೆರಡು ವರ್ಷ ಬೇಕಾತಾ, ಕೂಸೆ?” ಎಂದರು ಧರ್ಮಲಿಂಗಂ.

ಆಮೇಲೆ ನಡೆದದ್ದನ್ನು ಹಟ್ಟಿಯವರು ಇಂದಿಗೂ ಕೈ ಬೀಸಿ ಬೀಸಿ ಹೇಳುತ್ತಾರೆ. ಕಟ್ಟೆಯೊಡೆದಂತೆ ಮಾಮನ ಬಾಯಿ ತೆರೆದುಕೊಂಡಿತು. ಹಡಗಿನ ಅಡುಗೆಮನೆಯಲ್ಲಿ ಅಲೆ ಬಂದಾಗ ಸಾರಿನ ಪಾತ್ರೆ ಹಿಡಿದು ಕುಣಿದದ್ದು, ಆಚೆಯ ಶೆಡ್ಡಿನವನು ಚೀಲಕ್ಕೊಂದು ಕಿಲೋ ಕದಿಯುವುದು, ನಾಲ್ಕು ಕಿಲೋಮೀಟರ್ ನಡೆದು ಸವೆದ ಚಪ್ಪಲಿಗಳ ಸಂಖ್ಯೆ, ಎಲ್ಲ ಅವಳಿಗೇ. ಅಭಿನಯಾಳ ಹತ್ತಿರ ಉಳಿದದ್ದು ಎಲ್ಲ ಬಿಲ್ಲೆಗಳಲ್ಲಿ ಐದನೆಯ ಒಂದು ಪಾಲು. ಆದರೆ ಅವರು ಮಾತಾಡುತ್ತ ಬಿಲ್ಲೆ ತಳ್ಳಿದಾಗ ಅವಳು ತನ್ನದನ್ನೆಲ್ಲ ಎದುರು ತಳ್ಳುವಳು. ಅವರು ನಗುತ್ತ ಕಾರ್ಡು ಎಸೆಯುವರು. ಅವರು ನಡುವೆ ಮಾತು ನಿಲ್ಲಿಸಿದರೆ ಅವಳು ತಾನೇ ಎಸೆದುಬಿಡುವಳು. ಐದನೆಯ ಪಾಲು ನಾಲ್ಕನೆಯದಾಯಿತು, ಮೂರನೆಯದಾಯಿತು. ನಾಲ್ಕು ಗಂಟೆಗೆ ಎರಡೂ ರಾಶಿ ಸಮ ನಿಂತವು. ಅಲ್ಲ, ಅವಳ ಕಣ್ಣಿನ ತಕ್ಕಡಿಯಲ್ಲಿ ತನ್ನದು ಒಂದು ಹಿಡಿ ಹೆಚ್ಚು.

ಆಗ ಬಂತು ಆ ಕೈ. ಅವಳ ಹತ್ತಿರ ಒಂದು ಎಕ್ಕ, ಒಂದು ಏಳು. ಮೇಜಿನ ಮೇಲೆ ಏಳು, ಒಂಬತ್ತು, ಗುಲಾಮ, ರಾಣಿ, ರಾಜ. ಅವಳದು ಏಳರ ಬಡ ಜೋಡಿ. ಅವರ ಹತ್ತಿರ ಒಂದೇ ಒಂದು ಹತ್ತು ಇದ್ದರೂ ಒಂಬತ್ತರಿಂದ ರಾಜನವರೆಗೆ ಸಾಲು ಕೂಡುತ್ತದೆ. ಧರ್ಮಲಿಂಗಂ ಇದ್ದದ್ದನ್ನೆಲ್ಲ ಮುಂದೆ ಸರಿಸಿದರು.

“ನಿನ್ನ ಅಪ್ಪ ತೂಗುವಾಗ ನಾ ಬೀಡಿ ಸೇದಿಕೊಂಡು ಕಲ್ಲಿನ ಮೇಲೆ ಕೂತಿರುತ್ತಿದ್ದೆ,” ಎಂದು ಶುರು ಮಾಡಿದವರು ಅಲ್ಲಿಗೆ ನಿಲ್ಲಿಸಿದರು.

ನಿಂತ ಮಾತು ಒಣಗಿದ ಎಲೆಯೋ, ಉಸಿರಿಗೆ ನಿಂತದ್ದೋ? ಗಡಿಯಾರ ಓಡುತ್ತಿತ್ತು. ಅಲ್ಲಿ ಏನು ಕಡಿಮೆಯಾಗಿದೆ ಎಂದು ಅವಳ ಕಿವಿಗೆ ತಿಳಿಯಿತು. ಸಾಲು ಮುಗಿದಿದೆ, ಯಾರೂ ಊಂ ಎಂದಿಲ್ಲ.

“ಊಂ,” ಎಂದಳು ಅಭಿನಯಾ.

“ಆ ಕಲ್ಲು ಈಗಲೂ ಇದೆಯಾ, ಇಲ್ಲೆಯಾ, ಗೊತ್ತಿಲ್ಲೆ.”

“ಊಂ.”

“ಇದ್ದರೆ ಬಿಸಿಲಿಗೆ ಬೆಚ್ಚಗಿರುತ್ತದೆ. ಎನ್ನ ಹೊಲದಲ್ಲಿ ಬಿಸಿಲೆಲ್ಲಿ? ಹಳ್ಳದ ಕಡೆ ಒಂದು ಸೀಗೆ ಪೊದೆ, ಅದಕ್ಕೊಂದು ಕರಡಿ…”

ಮಾತು ಹರಿಯಿತು, ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ನಂಜಿ ತನಗರಿವಿಲ್ಲದೆ ತಾನೂ ಊಂ ಎಂದಳು. ಕರಡಿ ಪೊದೆಯಿಂದ ಹೊರಬರುವ ಮೊದಲು ಅಭಿನಯಾ ಅಷ್ಟೇ ಬಿಲ್ಲೆಯನ್ನು ಎರಡೂ ಕೈಯಿಂದ ಮೇಜಿನ ನಡುವೆ ತಳ್ಳಿ, ನೋಡುತ್ತೇನೆ ಎಂದಳು.

ಧರ್ಮಲಿಂಗಂ ಬಾಯಿ ತೆರೆದಂತೆಯೇ ನಿಂತಿತು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಎರಡು ಕಾರ್ಡು ತಿರುವಿದರು: ಆರು, ನಾಲ್ಕು. ಏನೂ ಇಲ್ಲ. ಏಳರ ಬಡ ಜೋಡಿ ಗೆದ್ದಿತು.

ಕುರ್ಚಿಗಳು ಉರುಳಿದವು. ಲಾರಿಯಲ್ಲಿ ಬಂದವರು ಕಂಬಿ ದಾಟಿ ಮೇಜಿಗೇ ನುಗ್ಗಿದರು. ಯಾರೋ ಅವಳ ಹೆಗಲಿಗೆ ಶಾಲು ಹೊದಿಸಿದರು, ಯಾರೋ ಅದನ್ನು ತೆಗೆದು ಧರ್ಮಲಿಂಗಂಗೆ ಹೊದಿಸಿದರು. ಎಲ್ಲ ಮುಗಿಯಿತಾ, ಕರಡಿ ಏನಾಯಿತು ಎಂದು ನಂಜಿ ಪಕ್ಕದವರನ್ನು ಕೇಳುತ್ತಿದ್ದಳು. ಸಾಲುಗಟ್ಟಿ ಬಂದು ಕೈ ಕುಲುಕುವವರ ನಡುವೆ ಧರ್ಮಲಿಂಗಂ ಅವಳ ಬಳಿಗೆ ಬಂದು ನಿಂತರು. ಊಂ ಎಂದು ಬಾಯಿ ಬಿಡಿಸಿದ ಕಳ್ಳಿ ಎಂದು ಬೈದರು. ಆಮೇಲೆ, ಹನ್ನೆರಡು ವರ್ಷದ ಹಿಂದೆ ಆ ಬೆಳಿಗ್ಗೆ ಕೇಳಬೇಕಿದ್ದುದನ್ನು ಕೇಳಿದರು.

“ನಾಳೆ ಎಲೆ ತರುವೆ. ಎಷ್ಟು ಗಂಟೆಗೆ ತರಬೇಕು?”

“ನಿಮ್ಮ ಹೊಲಕ್ಕೆ ಬಿಸಿಲು ಬಂದ ಮೇಲೆ, ಮಾಮ,” ಎಂದಳು ಅಭಿನಯಾ.